ಡಬ್ಬಿಯೊಳಗಿನ ಗುಲಗಂಜಿ ಸಪ್ಪಳ: ಸಾಲಿ ಗೆಳೆಯರ ಜೊತೆ ಭೂಕಂಪದ ನೆನಪು ಕೂಡಿಸುವ ಬಗೆ

1993ರ ಸೆಪ್ಟೆಂಬರ್ 30, ಗುರುವಾರ. ನಸುಕಿನ ನಾಲ್ಕು ಹೊಡೆಯಲು ಇನ್ನೂ ಎರಡು ಮೂರು ನಿಮಿಷ. ಹಿಂದಿನ ರಾತ್ರಿ ಓಣಿಯ ಗಣಪತಿ ಕಳಿಸಿ ಬಂದು ಮಲಗಿದ್ದೆವು. ಧಾರವಾಡದ ನಮ್ಮ ಮನೆಯ ಪಡಸಾಲೆಯ ಗೋಡೆಯಲ್ಲಿ ಒಂದು ಮಾಡ, ಮಾಡದಲ್ಲಿ ನನ್ನ ತಗಡಿನ ಡಬ್ಬಿ, ಡಬ್ಬಿಯಲ್ಲಿ ಗುಲಗಂಜಿ. ಯಾರೂ ಮುಟ್ಟದ ಆ ಡಬ್ಬಿ ಕತ್ತಲಲ್ಲಿ ಗಲಗಲ ಅಂದಿತು. ಇಲಿ ಇರಬೇಕು ಅಂದುಕೊಳ್ಳುವಷ್ಟರಲ್ಲಿ ಅಡುಗೆಮನೆಯ ತಾಟುಗಳೂ ದನಿ ಕೂಡಿಸಿದವು. "ಏಳ್ರಿ, ಭೂಮಿ ನಡಗಾಕತ್ತೈತಿ" ಅಂದ ಅವ್ವ ನಮ್ಮನ್ನೆಲ್ಲ ಅಂಗಳಕ್ಕೆ ಎಳಕೊಂಡು ಹೋದಳು.

ಅಂಗಳದಲ್ಲಿ ಓಣಿಯ ಮಂದಿಯೆಲ್ಲ ನಿಂತಿತ್ತು. ಮಹಾರಾಷ್ಟ್ರದ ಲಾತೂರು, ಕಿಲ್ಲಾರಿ ಎಂಬ ಹೆಸರು ನಮ್ಮ ಕಿವಿಗೆ ಬಿದ್ದದ್ದು ಆಮೇಲೆ, ರೇಡಿಯೊದಲ್ಲಿ. ಧಾರವಾಡದಿಂದ ಕಿಲ್ಲಾರಿಗೆ ನೇರ ಗೆರೆ ಎಳೆದರೆ ಸುಮಾರು 340 ಕಿಲೋಮೀಟರ್. ಅಲ್ಲಿ ಎದ್ದ ಅಲೆ ನಮ್ಮ ಮಾಡದ ಡಬ್ಬಿಯನ್ನು ಮುಟ್ಟಲು ಒಂದೂವರೆ ನಿಮಿಷ ಸಾಕಾಯಿತು. ಅಷ್ಟರೊಳಗೆ ಅಲ್ಲಿ ಊರಿಗೆ ಊರೇ ಕುಸಿದಿದ್ದವು. ಹತ್ತಿರ ಹತ್ತಿರ 10,000 ಜನ ಹೋದರು.

ಆಗ ನಾನು ಎಂಟನೇ ಇಯತ್ತೆ. ನಮ್ಮ ವರ್ಗದ ಗೆಳೆಯರು ದೊಡ್ಡವರಾದ ಮೇಲೆ ಮೊದಲ ಸಲ ಕೂಡಿದ್ದು ಒಂದು ಕಲ್ಯಾಣ ಮಂಟಪದಲ್ಲಿ. ಶಾಲು, ಫೋಟೊ, ಊಟ ಎಲ್ಲ ಆಯಿತು. ಒಬ್ಬರ ಬಾಯಿಂದಲೂ ಒಂದು ಕಥೆ ಪೂರ್ತಿ ಹೊರಬರಲಿಲ್ಲ. ಎರಡನೇ ಸಲ ನಾನು ಆ ಡಬ್ಬಿ ಒಯ್ದೆ. ಸುಮ್ಮನೆ ಒಮ್ಮೆ ಅಲುಗಾಡಿಸಿದೆ. ಪಕ್ಕದಲ್ಲಿ ಕೂತಿದ್ದವನ ಮುಖವೇ ಬದಲಾಯಿತು. "ಲೇ, ನಮ್ಮನ್ಯಾಗ ನೆಲುವಿನ ಗಡಗಿ ತೂಗಾಡಿತ್ತಲೇ" ಅಂದ. ಅಲ್ಲಿಂದ ಶುರುವಾದ ಮಾತು ಸಂಜೆಯವರೆಗೂ ನಿಲ್ಲಲಿಲ್ಲ. ಆಮೇಲೆ ಗದಗಿನಲ್ಲಿ ಒಮ್ಮೆ, ಹಾವೇರಿಯಲ್ಲಿ ಒಮ್ಮೆ ಬೇರೆ ಬೇರೆ ವರ್ಗದವರನ್ನು ಕೂಡಿಸಿ ಇದನ್ನೇ ಮಾಡಿದೆವು. ನೀವೂ ಮಾಡಬೇಕೆಂದಿದ್ದರೆ ನಾವು ಹೇಗೆ ಮಾಡಿದೆವು, ಎಲ್ಲಿ ತಪ್ಪಿದೆವು ಎಂಬುದನ್ನು ಹೇಳುತ್ತೇನೆ.

ಮೊದಲು: ಸಾಲಿ ಬಿಟ್ಟವರನ್ನು ಹುಡುಕಿ

ಗೆಳೆಯರ ವಾಟ್ಸ್ಆ್ಯಪ್ ಗುಂಪು ಎಂದರೆ ಸಾಮಾನ್ಯವಾಗಿ ಎಸ್ಸೆಸ್ಸೆಲ್ಸಿ ತನಕ ಜೊತೆಗಿದ್ದವರದು. ಐದಕ್ಕೋ ಆರಕ್ಕೋ ಸಾಲಿ ಬಿಟ್ಟು ದನ ಕಾಯಲು, ಗ್ಯಾರೇಜಿಗೆ, ಹೊಲಕ್ಕೆ ಹೋದವರು ಅದರಲ್ಲಿ ಇರುವುದಿಲ್ಲ. ಆದರೆ ಯಾವ ಬೇಲಿಯಲ್ಲಿ ಗುಲಗಂಜಿ ಬಳ್ಳಿ, ಯಾವ ಮಡ್ಡಿಯಲ್ಲಿ ಕವಳಿಹಣ್ಣು, ಯಾವ ಹಳ್ಳದಲ್ಲಿ ಬೆಣಚಿಕಲ್ಲು ಎಂದು ನಮಗೆ ಕಲಿಸಿದವರು ಅವರೇ. ಅವರಿಲ್ಲದೆ ಕೂಡಿದರೆ ಅರ್ಧ ನೆನಪು ಬಾಗಿಲ ಹೊರಗೇ ಉಳಿಯುತ್ತದೆ. ನಾವು ಹಾಜರಿ ಪುಸ್ತಕದ ಕ್ರಮವನ್ನು ನೆನಪಿನಿಂದಲೇ ಕೂಗಿ ಬರೆದೆವು. ಇಬ್ಬರು ಮೂವರು ಕೂತು "ಒಂದು... ಎರಡು..." ಎಂದು ಹೆಸರು ಹೇಳುತ್ತ ಹೋದರೆ ಮರೆತವರು ತಾವಾಗಿ ಬರುತ್ತಾರೆ. ಆಮೇಲೆ ಸಾಲಿಗೆ ಹೋಗಿ ದಾಖಲಾತಿ ಪುಸ್ತಕ ನೋಡಲು ಮುಖ್ಯ ಮಾಸ್ತರರನ್ನು ಕೇಳಿ.

ಹುಡುಗಿಯರನ್ನು ಹುಡುಕುವುದು ಇನ್ನೂ ಕಷ್ಟ. ಲಗ್ನವಾಗಿ ಅಡ್ಡಹೆಸರು ಬದಲಾಗಿರುತ್ತದೆ, ಊರು ಬದಲಾಗಿರುತ್ತದೆ. ಫೇಸ್‌ಬುಕ್‌ನಲ್ಲಿ ತಡಕಾಡುವುದಕ್ಕಿಂತ ತವರುಮನೆಯ ಓಣಿಗೆ ಹೋಗಿ ಕೇಳುವುದು ಲೇಸು. ಅವರ ಅಣ್ಣನೋ ವೈನಿಯೋ ಫೋನ್ ಹಚ್ಚಿ ಕೊಡುತ್ತಾರೆ. ಹೀಗೆ ಕೇಳಲು ನಮ್ಮ ವರ್ಗದ ಒಬ್ಬ ಗೆಳತಿಯನ್ನೇ ಕಳಿಸಿದರೆ ಕೆಲಸ ಬೇಗ ಆಗುತ್ತದೆ. ಒಂದು ಕೂಟಕ್ಕೆ ಎಂಟರಿಂದ ಹನ್ನೆರಡು ಮಂದಿ ಸಾಕು. ಅದಕ್ಕಿಂತ ಹೆಚ್ಚಾದರೆ ಎರಡು ದಿನ ಮಾಡಿ.

ಆಮೇಲೆ: ಗುಂಪಿನಲ್ಲಿ ಬೇಡ, ಒಬ್ಬರಿಗೇ ಕಳಿಸಿ

ಇದನ್ನು ನಾವು ಹಾವೇರಿಯ ಕೂಟದಲ್ಲಿ ಕಲಿತೆವು. ಅಲ್ಲಿ ಒಬ್ಬರು ವಾಟ್ಸ್ಆ್ಯಪ್ ಗುಂಪಿನಲ್ಲೇ "ಅವತ್ತು ನಮ್ಮ ನಾಯಿ ಭಾಳ ಬೊಗಳಿತ್ತು" ಎಂದು ಬರೆದರು. ಮರುದಿನದಿಂದ ಎಲ್ಲರ ಮನೆಯ ನಾಯಿಯೂ ಬೊಗಳಿತು! ಯಾರೂ ಸುಳ್ಳು ಹೇಳಿದ್ದಲ್ಲ. ಒಬ್ಬರು ಹೇಳಿದ್ದನ್ನು ಕೇಳಿದೊಡನೆ ನಮ್ಮ ನೆನಪು ಅದರ ಅಚ್ಚಿಗೆ ಹೊಂದಿಕೊಳ್ಳುತ್ತದೆ. ಯಾವುದು ಯಾರದೆಂದು ಆಮೇಲೆ ಬೇರೆ ಮಾಡಲಾಗುವುದಿಲ್ಲ.

ಆದ್ದರಿಂದ ಕೂಡುವುದಕ್ಕೆ ಹದಿನೈದು ದಿನ ಮೊದಲು, ಎಲ್ಲರೂ ನಂಬುವ ಒಬ್ಬರನ್ನು ಆರಿಸಿ. ಪ್ರತಿಯೊಬ್ಬರೂ ಅವರಿಗೊಬ್ಬರಿಗೇ ಎರಡು ಮೂರು ನಿಮಿಷದ ದನಿ ಮುದ್ರಿಸಿ ಕಳಿಸಲಿ. ಅವರು ಅದನ್ನು ಯಾರಿಗೂ ಕೇಳಿಸದೆ ಕೂಟದ ದಿನದವರೆಗೆ ಇಟ್ಟುಕೊಳ್ಳಲಿ. ಬರೆಯಲು ಹೇಳಬೇಡಿ. ಬರೆಯಲು ಕೂತರೆ ಪುಸ್ತಕದ ಭಾಷೆ ಬರುತ್ತದೆ, ಮನೆಯ ಮಾತು ಹಿಂದೆ ಸರಿಯುತ್ತದೆ.

ಕೇಳುವ ಪ್ರಶ್ನೆಗಳು ಸಣ್ಣವಿರಲಿ, ಕೈಗೆ ಸಿಗುವಂಥವಿರಲಿ. ಎಲ್ಲಿ ಮಲಗಿದ್ದಿ, ಹಾಸಿಗೆ ಮೇಲೋ ಹೊರಸಿನ ಮೇಲೋ? ಬಾಜೂಕ ಯಾರಿದ್ದರು? ಮೊದಲು ಕೇಳಿದ್ದು ಯಾವ ಸಪ್ಪಳ? ಏನು ಅಲುಗಾಡಿದ್ದು ಕಂಡಿ? ಹೊರಗೆ ಹೋದಾಗ ಕಾಲಲ್ಲಿ ಚಪ್ಪಲಿ ಇತ್ತೇ? ಏನಾಗಿದೆ ಎಂದು ಗೊತ್ತಾದದ್ದು ಯಾವಾಗ, ಯಾರಿಂದ? "ಹೆದರಿಕಿ ಆತೇನು" ಎಂದು ಮಾತ್ರ ಕೇಳಬೇಡಿ. ಅದಕ್ಕೆ "ಹೂಂ" ಎಂಬ ಒಂದೇ ಉತ್ತರ. ಅಲ್ಲಿಗೆ ಮಾತು ಮುಗಿಯುತ್ತದೆ.

ಇನ್ನೊಂದು ಪ್ರಶ್ನೆ ಕೇಳಲೇಬೇಕು: ನಿಮ್ಮ ಮನೆ ಎರಿ ನೆಲದ ಮೇಲಿತ್ತೋ, ಮಡ್ಡಿ ಮೇಲಿತ್ತೋ? ಮೆತ್ತನೆಯ ಮಣ್ಣಿನ ಮೇಲಿನ ಮನೆ ಗಟ್ಟಿ ಬಂಡೆಯ ಮೇಲಿನ ಮನೆಗಿಂತ ಹೆಚ್ಚು ಅಲುಗುತ್ತದೆ. ಗೋಡೆ ಯಾತರದು, ಮೇಲ್ಛಾವಣಿ ಹಂಚಿನದೋ ಮಣ್ಣಿನದೋ ಎಂಬುದನ್ನೂ ಕೇಳಿ. ಕಿಲ್ಲಾರಿಯಲ್ಲಿ ಅಷ್ಟು ಜನ ಹೋಗಲು ದೊಡ್ಡ ಕಾರಣ ಮನೆಗಳೇ. ಮಣ್ಣಿನ ಕೆಸರಿನಲ್ಲಿ ಕಟ್ಟಿದ ದಪ್ಪ ಕಲ್ಲುಗೋಡೆ, ಅದರ ಮೇಲೆ ಹೊರೆಗಟ್ಟಲೆ ಮಣ್ಣಿನ ಮಾಳಿಗೆ. ಭೂಕಂಪದ ಪ್ರಮಾಣ 6.2ರ ಸುಮಾರು, ಅದು ಬಂದದ್ದು ಎಲ್ಲರೂ ಮನೆಯೊಳಗೆ ಮಲಗಿದ್ದ ಹೊತ್ತಿಗೆ. ಅಂಥವೇ ಮಾಳಿಗೆ ಮನೆಗಳು ನವಲಗುಂದ, ಅಣ್ಣಿಗೇರಿ, ರೋಣದ ಕಡೆ ನಮ್ಮ ಗೆಳೆಯರಿಗೂ ಇದ್ದವು. ಅವರಲ್ಲೊಬ್ಬ ಹೇಳಿದ: "ನಮ್ಮಪ್ಪ ಮೂರು ರಾತ್ರಿ ನಮ್ಮನ್ನ ಒಳಗ ಮಲಗಾಕ ಬಿಡಲಿಲ್ಲ. ಕಣದಾಗ ಮಲಗಿದ್ವಿ. ಅವಾ ಮಾತ್ರ ನಿದ್ದಿ ಮಾಡದ ಮಾಳಿಗಿ ನೋಡಕೋತ ಕೂತಿದ್ದ."

ಯಾವ ಭೂಕಂಪ ಎಂದು ಗೊತ್ತುಮಾಡಿಕೊಳ್ಳಿ

ಮುದ್ರಿಸಿದ ದನಿಗಳನ್ನು ಕೇಳುವಾಗ ಬೇರೆ ಬೇರೆ ವರ್ಷದ ನಡುಕಗಳು ಒಂದರೊಳಗೊಂದು ಬೆರೆತಿರುವುದು ಗೊತ್ತಾಗುತ್ತದೆ. ನಮ್ಮ ಭಾಗದ ಮನೆಗಳಲ್ಲಿ ಮುಖ್ಯವಾಗಿ ಮೂರು ಸುದ್ದಿ ಇವೆ.

ಹಿರಿಯರದು ಕೊಯ್ನಾ. 1967ರ ಡಿಸೆಂಬರ್ 11, ಸೋಮವಾರ, ಬೆಳಗಿನ ಜಾವ 4 ಗಂಟೆ 21 ನಿಮಿಷ. ಸಾತಾರಾ ಜಿಲ್ಲೆಯ ಕೊಯ್ನಾ ಧಾರವಾಡಕ್ಕೆ ನೇರ ದೂರದಲ್ಲಿ ಸುಮಾರು 250 ಕಿಲೋಮೀಟರ್, ಅಂದರೆ ಕಿಲ್ಲಾರಿಗಿಂತ ಹತ್ತಿರ. ಅಣೆಕಟ್ಟಿನ ಹಿಂದೆ ನೀರು ತುಂಬಿದ ಮೇಲೆ ಆ ಸೀಮೆಯಲ್ಲಿ ನಡುಕ ಹೆಚ್ಚಿದವು. ದೊಡ್ಡ ಜಲಾಶಯಕ್ಕೂ ಭೂಕಂಪಕ್ಕೂ ಇರುವ ನಂಟನ್ನು ಹೇಳುವಾಗ ಜಗತ್ತಿನ ಎಲ್ಲೆಡೆ ಕೊಯ್ನಾದ ಹೆಸರು ಬರುತ್ತದೆ. ನಮ್ಮ ಓರಿಗೆಯವರದು 1993ರ ಕಿಲ್ಲಾರಿ. ಮೂರನೆಯದು 2001ರ ಜನವರಿ 26ರ ಬೆಳಗ್ಗೆ 8:46ಕ್ಕೆ ಆದ ಭುಜ್ ಭೂಕಂಪ. ನಮ್ಮ ಗೆಳೆಯರಲ್ಲಿ ಯಾರಿಗೂ ಅವತ್ತು ನೆಲ ಅಲುಗಿದ್ದು ಗೊತ್ತಾಗಿರಲಿಲ್ಲ. ಆದರೂ ಟಿವಿಯಲ್ಲಿ ದಿನಗಟ್ಟಲೆ ನೋಡಿದ ಚಿತ್ರಗಳು ಸ್ವಂತ ನೆನಪಿನಂತೆ ಕೂತುಬಿಟ್ಟಿವೆ.

ಬೇರೆ ಮಾಡುವ ಗುರುತುಗಳು ಸುಲಭ. ಗಣಪತಿ ಕಳಿಸಿದ ಮಾತು, ಪಟಾಕಿ ವಾಸನೆ, ಮಳೆಗಾಲದ ಹಸಿ ನೆಲ ಬಂದರೆ ಅದು 1993. ಚಳಿ, ಕಂಬಳಿ, ಕಂದೀಲು ಬಂದರೆ 1967. ಬಿಳಿ ಅಂಗಿ, ಝಂಡಾ ವಂದನೆ, ಸಾಲಿಯಲ್ಲಿ ಕೊಟ್ಟ ಚಾಕಲೇಟು ಬಂದರೆ 2001.

ನಮ್ಮ ಜೊತೆಗಾರನೊಬ್ಬ ತನ್ನ ನೆನಪು ಹೇಳುತ್ತ ಕಂದೀಲು ತೂಗಿತು, ಗ್ವಾದಲಿಯಲ್ಲಿ ಎತ್ತು ಕಣ್ಣಿ ಹರಕೊಂಡವು, ಅಜ್ಜಿ ಕಂಬಳಿ ಹೊದಿಸಿ ಹೊರಗೆ ಒಯ್ದಳು ಅಂದ. ಅವನು ಹುಟ್ಟಿದ್ದು 1980ರಲ್ಲಿ. 1993ಕ್ಕೆ ಅವರ ಮನೆಯಲ್ಲಿ ಎತ್ತೂ ಇರಲಿಲ್ಲ, ಅಜ್ಜಿಯೂ ಇರಲಿಲ್ಲ. ಅದು ಅವನ ಅಪ್ಪನ ನೆನಪು. ಎಷ್ಟು ಸಲ ಕೇಳಿದ್ದನೋ, ಮೈಗೆ ಹತ್ತಿಬಿಟ್ಟಿತ್ತು. ಇಂಥದು ಬಂದಾಗ "ನೀ ಆಗ ಹುಟ್ಟೇ ಇರಲಿಲ್ಲ" ಎಂದು ಎಲ್ಲರೆದುರು ಹೇಳಬೇಡಿ. "ಇದನ್ನ ಅಪ್ಪಾರು ಹ್ಯಾಂಗ ಹೇಳತಿದ್ರು?" ಎಂದು ಬೇರೆಯಾಗಿ ಕೇಳಿ. ಅವನು ತಾನೇ ಸ್ವಲ್ಪ ಹೊತ್ತು ಸುಮ್ಮನಾಗಿ, "ಹೌದು, ಅಪ್ಪಂದ ಇರಬೇಕು" ಅಂದ. ಅದನ್ನು ನಾವು ಬಿಡಲಿಲ್ಲ. "ಅಪ್ಪ ಹೇಳಿದ್ದು, 1967" ಎಂದು ಗುರುತು ಹಾಕಿ ಇಟ್ಟೆವು. ಅಪ್ಪ ತೀರಿಕೊಂಡಿದ್ದರು; ಅವರ ಕಥೆಗೆ ಉಳಿದ ಜಾಗ ಮಗನ ಬಾಯಿಯೊಂದೇ.

ದಿನಾಂಕದ ಬಗ್ಗೆ ತಕರಾರು ಬಂದರೆ ಹಳೆಯ ಪತ್ರಿಕೆಗಳ ಕಟ್ಟು ಇಟ್ಟಿರುವ ಗ್ರಂಥಾಲಯಕ್ಕೆ ಹೋಗಿ 1993ರ ಅಕ್ಟೋಬರ್ 1ರಿಂದ ಒಂದು ವಾರದ ಪುಟ ತಿರುವಿ. ಆ ಪುಟಗಳ ಮುಂದೆ ನಿಂತಾಗ ಹೊಸ ನೆನಪೂ ಬರುತ್ತದೆ, ಆದ್ದರಿಂದ ಒಬ್ಬರೇ ಹೋಗಬೇಡಿ.

ಡಬ್ಬಿ ತೆರೆಯುವ ದಿನ

ಜಾಗ ಬಯಲಲ್ಲಿರಲಿ. ನಾವು ಧಾರವಾಡದಲ್ಲಿ ಕೆಲಗೇರಿ ಕೆರೆಯ ದಂಡೆಗೆ ಹೋದೆವು. ಹುಬ್ಬಳ್ಳಿಯವರಿಗೆ ನೃಪತುಂಗ ಬೆಟ್ಟ ಇದೆ, ಗದಗಿನವರಿಗೆ ಯಾರದಾದರೂ ಹೊಲ ಸಿಕ್ಕೇ ಸಿಗುತ್ತದೆ. ಸಾಲಿಯ ಮೈದಾನಕ್ಕೆ ಅಪ್ಪಣೆ ಸಿಕ್ಕರೆ ಅದಕ್ಕಿಂತ ಚೆಲೋ ಬೇರೆ ಇಲ್ಲ. ಬೆಳಿಗ್ಗೆ ಎಂಟಕ್ಕೆ ಶುರುಮಾಡಿ. ತಿನ್ನಲು ಗಿರಮಿಟ್ಟು, ಮಿರ್ಚಿ ಸಾಕು; ಊಟದ ಏರ್ಪಾಟು ದೊಡ್ಡದಾದಷ್ಟೂ ಮಾತು ಸಣ್ಣದಾಗುತ್ತದೆ.

ಭೂಕಂಪದ ಮಾತು ಮೊದಲು ಎತ್ತಬೇಡಿ. ಮೊದಲು ನೆಲಕ್ಕೆ ಒಂದು ಬಿಳಿ ಧೋತರ ಹಾಸಿ. ಎಲ್ಲರೂ ತಂದದ್ದನ್ನು ಅದರ ಮೇಲೆ ಸುರಿಯಲಿ. ಉಳಿಸಿಕೊಂಡವರು ಹಳೆಯದನ್ನು ತರುತ್ತಾರೆ, ಉಳಿಯದವರು ಅಂಥದೇ ಒಂದನ್ನು ಹುಡುಕಿಕೊಂಡು ಬರಬೇಕು. ಹುಡುಕಲು ಹೋಗುವುದೇ ಅರ್ಧ ಕೆಲಸ. ನಮ್ಮ ಧೋತರದ ಮೇಲೆ ಬಂದದ್ದು ಇಷ್ಟು: ಗುಲಗಂಜಿ, ಗಜಗ, ಹುಣಸಿ ಬೀಜ, ಬಳಿಚೂರು, ಪುಸ್ತಕದೊಳಗೆ ಇಟ್ಟು ಮರಿ ಹಾಕುತ್ತದೆಂದು ಕಾದ ನವಿಲುಗರಿ, ಕವಡಿ, ಗೋಲಿಗುಂಡ, ಕುಂಟಾಟದ ಬಿಲ್ಲೆ, ಬೆಣಚಿಕಲ್ಲು, ಹಾಳೆ ಹಾಳೆಯಾಗಿ ಬಿಚ್ಚುವ ಕಾಗಿಬಂಗಾರ.

ಐದು ನಿಮಿಷ ಯಾರೂ ಮಾತಾಡದೆ ವಸ್ತುಗಳನ್ನು ಕೈಯಿಂದ ಕೈಗೆ ದಾಟಿಸಿ. ಇದು ಮುಜುಗರ ಅನಿಸಬಹುದು, ಆದರೂ ಬಿಡಬೇಡಿ. ಒಬ್ಬ ಗೆಳತಿ ಗಜಗ ಕೈಗೆ ಬಂದೊಡನೆ ತಾನೇ ತಾನಾಗಿ ಅದನ್ನು ಕಲ್ಲಿಗೆ ತಿಕ್ಕಿ ಬಿಸಿ ಮಾಡಿ ಬಾಜೂ ಇದ್ದವಳ ಕೈಗೆ ಚುರುಕ್ ಅನಿಸಿದಳು. ಮೂವತ್ತು ವರ್ಷದ ನಂತರವೂ ಕೈಗೆ ಆ ಕೆಲಸ ಗೊತ್ತಿತ್ತು. ಅಲ್ಲಿಯವರೆಗೆ "ನೀವು, ತಾವು" ಎನ್ನುತ್ತಿದ್ದ ಹುಡುಗರು ಹುಡುಗಿಯರೆಲ್ಲ ಆ ಗಳಿಗೆಯಿಂದ "ನೀ" ಎನ್ನತೊಡಗಿದರು.

ಬೆಣಚಿಕಲ್ಲಿಗೆ ಒಂದು ಕತ್ತಲ ಕೋಣೆ ಬೇಕು. ಎರಡು ಕಲ್ಲನ್ನು ಜೋರಾಗಿ ಉಜ್ಜಿದರೆ ಕಲ್ಲಿನ ಒಳಗೇ ಮಸುಕು ಬೆಳಕು ಮಿಂಚುತ್ತದೆ, ಸುಟ್ಟ ವಾಸನೆ ಬರುತ್ತದೆ. ಆ ವಾಸನೆಗೆ ನಮ್ಮಲ್ಲಿ ಇಬ್ಬರು ಕಣ್ಣು ಒರೆಸಿಕೊಂಡರು. ಇದನ್ನು ಹೇಳುವಾಗ ನನಗೆ ಇನ್ನೊಂದು ಮಾತು ಹೇಳಬೇಕೆನಿಸುತ್ತದೆ. ನಾವು ಕಿಸೆಯಲ್ಲಿ ತುಂಬಿಕೊಂಡು ತಿರುಗಿದ ಕಲ್ಲುಗಳ ಸೀಮೆ ಸಾಮಾನ್ಯದ್ದಲ್ಲ. ಹತ್ತೊಂಬತ್ತನೆಯ ಶತಮಾನದಲ್ಲಿ ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ ಈ ಭಾಗದ ಬಂಡೆಗಳನ್ನು ನೋಡಿ ಅವಕ್ಕೆ ಧಾರವಾಡದ ಹೆಸರನ್ನೇ ಇಟ್ಟರು. ಅವುಗಳ ವಯಸ್ಸು 250 ಕೋಟಿ ವರ್ಷಕ್ಕೂ ಹೆಚ್ಚು. ಅಷ್ಟು ಹಳೆಯ ಗಟ್ಟಿ ನೆಲವೂ ಒಂದು ರಾತ್ರಿ ನಮ್ಮ ಕಾಲ ಕೆಳಗೆ ಅಲುಗಿತು. ಕಲ್ಲು ಕೈಯಲ್ಲಿ ಹಿಡಿದು ಕೂತಾಗ ಭೂಕಂಪದ ಮಾತಿಗೆ ಹೋಗುವುದು ಇದರಿಂದಲೇ ಸುಲಭವಾಗುತ್ತದೆ.

ಹುಷಾರಾಗಿರಬೇಕಾದ ಕೆಲವು ವಿಷಯ. ಗುಲಗಂಜಿ ವಿಷ. ಸಿಪ್ಪೆ ಒಡೆದ ಒಂದು ಬೀಜವೂ ಮಗುವಿನ ಹೊಟ್ಟೆಗೆ ಹೋಗಬಾರದು. ಅಕ್ಕಸಾಲಿಗರು ಬಂಗಾರ ತೂಗಲು ಬಳಸುತ್ತಿದ್ದ ಈ ಕಾಳನ್ನು ಮಕ್ಕಳಿಗೆ ತೋರಿಸಿ, ಆದರೆ ಕೊಡಬೇಡಿ. ಕೂಟ ಮುಗಿದ ಮೇಲೆ ಧೋತರ ಜಾಡಿಸಿ, ಬಿದ್ದ ಕಾಳುಗಳನ್ನು ಆರಿಸಿಕೊಳ್ಳಿ. ಮಿರಗದ ಮಳೆಗೆ ಏಳುವ ಕೆಂಪು ಮಖಮಲ್ ಹುಳವನ್ನು ನಾವು ಕಡ್ಡಿಪೆಟ್ಟಿಗೆಯಲ್ಲಿ ಸಾಕುತ್ತಿದ್ದೆವು. ಪಾಪ, ಎಲ್ಲವೂ ಸಾಯುತ್ತಿದ್ದವು. ಈಗ ಅಂಗೈ ಮೇಲೆ ನಡೆಸಿ, ಸಿಕ್ಕಲ್ಲೇ ಬಿಟ್ಟುಬಿಡಿ. ಕಪ್ಪತಗುಡ್ಡದಿಂದ ಕಲ್ಲು, ಬೀಜ ಏನನ್ನೂ ತರಬೇಡಿ. 2019ರಿಂದ ಅದು ವನ್ಯಜೀವಿಧಾಮ. ಚಿಕ್ಕಂದಿನಲ್ಲಿ ತಂದದ್ದಿದ್ದರೆ ಅದರ ಕಥೆ ಹೇಳಿ, ಸಾಕು. ಹಣ್ಣು ತರುವವರು ಕಾಲ ನೋಡಿ ಕೂಟ ಇಡಬೇಕು. ಕವಳಿ ಬೇಸಿಗೆಯ ಕೊನೆಗೆ, ನೇರಲ ಮಳೆ ಹಿಡಿಯುವಾಗ, ಬಾರಿಹಣ್ಣು ಚಳಿಯಲ್ಲಿ.

ನಡುಗಿದ ರಾತ್ರಿಯ ಸರದಿ

ಈಗ ಡಬ್ಬಿ ಅಲುಗಾಡಿಸಿ. ನಿಮ್ಮಲ್ಲಿ ಇರುವುದು ಗಜಗವಾದರೆ ಗಜಗ, ತಾಟಾದರೆ ತಾಟು. ಆ ಸಪ್ಪಳದ ನಂತರ ಒಬ್ಬೊಬ್ಬರಾಗಿ, ನಡುವೆ ಯಾರೂ ಬಾಯಿ ಹಾಕದಂತೆ ಹೇಳಲಿ. ಎಲ್ಲರೂ ಹೇಳಿದ ಮೇಲೆ, ಮೊದಲೇ ಕಳಿಸಿದ್ದ ದನಿಗಳನ್ನು ಹಚ್ಚಿ. ತಮ್ಮದೇ ಮಾತು ಎರಡು ವಾರದಲ್ಲಿ ಎಷ್ಟು ಬದಲಾಗಿದೆ ಎಂದು ಕೇಳಿ ಎಲ್ಲರೂ ಬೆರಗಾಗುತ್ತಾರೆ. ಎರಡನ್ನೂ ಇಟ್ಟುಕೊಳ್ಳಿ.

ಒಂದು ದೊಡ್ಡ ಡ್ರಾಯಿಂಗ್ ಹಾಳೆ ತನ್ನಿ. ಓಣಿಯ ನಕ್ಷೆ ಬರೆದು, ಯಾರು ಎಲ್ಲಿ ಮಲಗಿದ್ದರೋ ಅಲ್ಲಿ ಒಂದು ಹುಣಸಿ ಬೀಜ ಇಡಿ. ತಾಟು ಸಪ್ಪಳ ಮಾಡಿದ ಮನೆಗೆ ಒಂದು ಗುರುತು, ಮಲಗಿದವರು ಎಚ್ಚರಾದ ಮನೆಗೆ ಇನ್ನೊಂದು, ಗೋಡೆ ಬಿರಿದಿದ್ದರೆ ಮತ್ತೊಂದು. ವಿಜ್ಞಾನಿಗಳು ಭೂಕಂಪದ ತೀವ್ರತೆಯನ್ನು 12 ಹಂತಗಳಲ್ಲಿ ಅಳೆಯುವಾಗ ಕೇಳುವುದೂ ಇಂಥವೇ ಪ್ರಶ್ನೆ. ಪಾತ್ರೆ ಸಪ್ಪಳ ಮಾಡಿ, ಕೆಲವರಷ್ಟೇ ಎಚ್ಚರಾದರೆ ನಾಲ್ಕನೆಯ ಹಂತ. ಮಲಗಿದ್ದ ಬಹಳ ಜನ ಎಚ್ಚರಾದರೆ ಐದು. ನಮ್ಮ ಓಣಿಯ ಹಾಳೆ ನಾಲ್ಕರ ಆಸುಪಾಸಿಗೆ ನಿಂತಿತು. ಅದೇ ಹಾಳೆಯ ಮೇಲೆ ಬೀಜ ಆರಿಸುತ್ತಿದ್ದ ಮರಗಳನ್ನೂ ಬರೆದೆವು. ರಸ್ತೆ ಅಗಲವಾದಾಗ ಅವುಗಳಲ್ಲಿ ಹೆಚ್ಚಿನವು ಹೋದವು. ಈಗ ಆ ಹುಣಸಿ ಮರ ಎಲ್ಲಿ ನಿಂತಿತ್ತು ಎಂದು ತೋರಿಸುವ ನಕ್ಷೆ ಅದೊಂದೇ.

ಇನ್ನೊಂದು ಮಾತು, ಇದನ್ನು ಕೂಟಕ್ಕೆ ಮೊದಲೇ ಮಾಡಿರಬೇಕು. ಭೂಕಂಪದಲ್ಲಿ ಬಳಗದವರನ್ನು ಕಳಕೊಂಡವರು ನಿಮ್ಮ ನಡುವೆ ಇರಬಹುದು. ಕಲಬುರಗಿ, ಬೀದರ, ಲಾತೂರು ಕಡೆ ಬೀಗತನ ಇದ್ದ ಮನೆಗಳು ಇಲ್ಲಿಯೂ ಇವೆ. ನಮ್ಮಲ್ಲಿ ಒಬ್ಬಳ ಸೋದರತ್ತೆಯ ಮನೆ ಕಿಲ್ಲಾರಿಗೆ ಹತ್ತಿರದ ಉಮರ್ಗಾ ಕಡೆಯದು. ನಾವು ಅವಳನ್ನು ಮುಂಚೆ ಕೇಳಿರಲಿಲ್ಲ. ನಗುತ್ತ ತಾಟು, ಗಡಗಿ ಎನ್ನುತ್ತಿದ್ದ ನಮ್ಮ ನಡುವೆ ಅವಳು ಎದ್ದು ಕೆರೆಯ ಕಡೆ ಹೋಗಿ ನಿಂತಳು. ಆ ತಪ್ಪು ನಮ್ಮದು. ನನಗೆ ಇವತ್ತಿಗೂ ಅದು ಕುಟುಕುತ್ತದೆ. ಮೊದಲೇ ಒಬ್ಬೊಬ್ಬರಿಗೆ ಫೋನ್ ಮಾಡಿ ಕೇಳಿ. ಹೇಳಲು ಮನಸ್ಸಿಲ್ಲದವರಿಗೆ ಸುಮ್ಮನೆ ಕೂಡಲು ಬಿಡಿ. ಅವರು ತಂದ ಬಳಿಚೂರು ಧೋತರದ ಮೇಲಿದ್ದರೆ ಸಾಕು.

ಬರೆದಿಡುವುದು

ಫೋನನ್ನು ಏರೋಪ್ಲೇನ್ ಮೋಡಿಗೆ ಹಾಕಿ ಧೋತರದ ನಡುವೆ ಇಡಿ. ಗಾಳಿ ಇದ್ದರೆ ಸುತ್ತ ಒಂದು ಕರವಸ್ತ್ರ. ಮುದ್ರಿಸುವುದಕ್ಕೆ ಎಲ್ಲರ ಒಪ್ಪಿಗೆ ಕೇಳಿ. ಆಮೇಲೆ ಹಾಳೆಗೆ ಇಳಿಸುವಾಗ ಮಾತನ್ನು ತಿದ್ದಬೇಡಿ. "ನಡಗಾಕತ್ತಿತ್ತು" ಎಂದಿದ್ದರೆ "ನಡುಗುತ್ತಿತ್ತು" ಎಂದು ಬರೆಯಬೇಡಿ. ಹಾವೇರಿಯವರ ಮಾತಿಗೂ ನವಲಗುಂದದವರ ಮಾತಿಗೂ ಇರುವ ವ್ಯತ್ಯಾಸ ಹಾಳೆಯಲ್ಲೂ ಕೇಳಿಸಬೇಕು. ಬರೆದದ್ದನ್ನು ಹೇಳಿದವರಿಗೆ ಓದಿ ತೋರಿಸಿ, ಬೇಡ ಎಂದದ್ದನ್ನು ತೆಗೆಯಿರಿ. ಒಂದು ಪ್ರತಿ ಮನೆಯಲ್ಲಿ, ಒಂದು ಪೆನ್‌ಡ್ರೈವ್ ಬೇರೆ ಊರಿನ ಗೆಳೆಯರಲ್ಲಿ ಇರಲಿ. ಬೀಜಗಳನ್ನು ಒಣಗಿಸಿ ಗಾಜಿನ ಬಾಟ್ಲಿಗೆ ಹಾಕಿ, ಯಾರದು, ಯಾವ ಊರಿನದು ಎಂದು ಪೆನ್ಸಿಲ್‌ನಲ್ಲಿ ಚೀಟಿ ಬರೆಯಿರಿ. ನವಿಲುಗರಿಯ ಜೊತೆ ಒಣ ಬೇವಿನೆಲೆ ಇಡಿ.

ಕೂಟ ಮುಗಿದರೂ ಹದಿನೈದು ದಿನ ಕಡತ ಮುಚ್ಚಬೇಡಿ. ಬಾಯಿ ಬಿಡದವರ ನೆನಪು ಮನೆಗೆ ಹೋದ ಮೇಲೆ ಬರುತ್ತದೆ, ಅದೂ ರಾತ್ರಿ. ಕೆರೆಯ ಕಡೆ ಹೋಗಿ ನಿಂತಿದ್ದ ಗೆಳತಿಗೆ ನಾನು ಮರುದಿನ ಫೋನ್ ಮಾಡಿ ತಪ್ಪಾಯಿತು ಅಂದೆ. "ಇರಲಿ ಬಿಡಪಾ" ಎಂದಷ್ಟೇ ಅಂದಳು. ಒಂಬತ್ತನೆಯ ದಿನ ನಸುಕಿನಲ್ಲಿ ಅವಳಿಂದ ಒಂದು ದನಿ ಬಂತು. ಸ್ವಲ್ಪ ಹೊತ್ತು ಬಳಿಚೂರಿನ ಸಪ್ಪಳ ಮಾತ್ರ. ಆಮೇಲೆ, "ಇವು ಅತ್ತಿ ಕೊಟ್ಟಿದ್ದು. ಜಾತ್ರ್ಯಾಗ ಹಾಕಿಸಿದ್ದಳು. ಬರಕೋ."